ದೊಡ್ಡಸ್ವಾಮಿಗಳ ಸಂಶಯ, ಹಾರೋಬೆಲೆಯ ನಂಬಿಕೆ

ಕನಕಪುರ ತಾಲ್ಲೂಕಿನಲ್ಲಿ, ಅರ್ಕಾವತಿ ನದಿಯ ಅಣೆಕಟ್ಟೆಯ ಸಮೀಪ ಹಾರೋಬೆಲೆ ಎಂಬ ಹಳ್ಳಿಯಿದೆ. ಇಲ್ಲಿಯ ಬಹುಪಾಲು ಜನ ಕಥೋಲಿಕ ಕ್ರೈಸ್ತರು. ಮನೆಮಾತು ಕನ್ನಡ, ಬದುಕು ಸುತ್ತಲಿನ ಊರುಗಳಂತೆ ಹೊಲಗದ್ದೆಗಳದು. ಇಂತಹ ಊರಿನ ಬಗ್ಗೆ ಹೊರಗಿನವರು ಕೇಳುವ ಪ್ರಶ್ನೆ ಬಹಳ ಹಳೆಯದು. ಇವರ ಕ್ರೈಸ್ತಧರ್ಮ ಮನಸ್ಸೊಪ್ಪಿ ಬಂದದ್ದೋ ಅಥವಾ ಬರಿಯ ವಂಶದ ರೂಢಿಯೋ? ಈ ಪ್ರಶ್ನೆಯನ್ನು ಅತ್ಯಂತ ಕಟುವಾಗಿ ಕೇಳಿದವರು ಮಾತ್ರ ಹೊರಗಿನವರಲ್ಲ, ಮೈಸೂರು ಸೀಮೆಯಲ್ಲೇ ದುಡಿದ ಒಬ್ಬ ಪಾದ್ರಿ.

ಮೈಸೂರು ರಾಜ್ಯದಲ್ಲಿ ಕಥೋಲಿಕ ಧರ್ಮಪ್ರಚಾರಕ್ಕೆ ನೆಲೆ ಹಾಕಿದವರು ಇಟಲಿಯ ಜೆಸ್ವಿತ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಅವರು ಸಂನ್ಯಾಸಿಯ ಉಡುಪು ಧರಿಸಿದರು, ಕನ್ನಡ ಕಲಿತು ಕನ್ನಡದಲ್ಲೇ ಧಾರ್ಮಿಕ ಗ್ರಂಥಗಳನ್ನು ಬರೆದರು. 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ರದ್ದುಪಡಿಸಿದಾಗ ಇಲ್ಲಿಯ ಕ್ರೈಸ್ತ ಹಳ್ಳಿಗಳು ಗುರುಗಳ ಕೊರತೆಗೆ ಸಿಲುಕಿದವು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕರೆತಂದನು. ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋದ ಈ ಜನರನ್ನು ಮತ್ತೆ ಕೂಡಿಸಲು ಬಂದವರು ಫ್ರಾನ್ಸಿನ ಅಬ್ಬೆ ದುಬಾಯ್. ದೇಶೀಯ ಉಡುಪು, ಸಸ್ಯಾಹಾರ, ಸರಳ ಜೀವನಗಳಿಂದ ಅವರು ಜನರಿಗೆ ‘ದೊಡ್ಡಸ್ವಾಮಿ’ಗಳಾದರು. ಸಿಡುಬಿನ ವಿರುದ್ಧ ಲಸಿಕೆ ಹಾಕಿಸಲು ಶ್ರಮಿಸಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಪ್ರಕಟವಾಯಿತು. ಅದರ ಬಹುಭಾಗಕ್ಕೆ ಹಿಂದಿನ ಜೆಸ್ವಿತ್ ಪಾದ್ರಿ ಕರ್ದೂ ಅವರ ಬರಹವೇ ಆಧಾರವೆಂದು ಈಚಿನ ಸಂಶೋಧನೆ ತೋರಿಸಿದೆ.

ಮೂವತ್ತು ವರ್ಷ ಇಲ್ಲಿದ್ದ ದುಬಾಯ್ 1823ರ ಜನವರಿಯಲ್ಲಿ ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಸಂಗ್ರಹ ಹೊರಬಂತು. ಇಷ್ಟು ವರ್ಷಗಳಲ್ಲಿ ತಾವು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಜನ ಮಾತ್ರ, ಅವರಲ್ಲೂ ನಿಜವಾದ ನಂಬಿಕೆಯಿಂದ, ಯಾವ ಸ್ವಾರ್ಥವೂ ಇಲ್ಲದೆ ಬಂದವರು ಒಬ್ಬರೂ ನೆನಪಾಗುವುದಿಲ್ಲ ಎಂದು ಅವರು ಅದರಲ್ಲಿ ಒಪ್ಪಿಕೊಂಡರು. ಟಿಪ್ಪುವಿನ ಕಾಲದಲ್ಲಿ ಒಬ್ಬ ಕ್ರೈಸ್ತನೂ ಧೈರ್ಯದಿಂದ ತನ್ನ ಧರ್ಮವನ್ನು ಸಾರಿ ಹೇಳಲಿಲ್ಲವೆಂದು ನೊಂದುಕೊಂಡರು. ದೇವರಲ್ಲಿ ಅವರಿಗೆ ಸಂಶಯವಿರಲಿಲ್ಲ. ಈ ನೆಲದಲ್ಲಿ ಕ್ರೈಸ್ತನಂಬಿಕೆ ಮನಸ್ಸಿನೊಳಕ್ಕೆ ಇಳಿದೀತೆಂಬುದರಲ್ಲಿ ಸಂಶಯವಿತ್ತು. ಪ್ರಾಟೆಸ್ಟೆಂಟ್ ಪಾದ್ರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ 1824ರಲ್ಲೇ ಪುಸ್ತಕ ಬರೆದು ಈ ವಾದವನ್ನು ಖಂಡಿಸಿದರು.

ಆದರೆ ದುಬಾಯ್ ಅವರ ಪತ್ರಗಳಲ್ಲೇ ಅವರಿಗೊಂದು ಉತ್ತರವಿದೆ. ಟಿಪ್ಪುವಿನ ಪತನಾನಂತರ ಆ ಜನರಲ್ಲಿ ಹೆಚ್ಚಿನವರು ತಾವಾಗಿಯೇ ಹಿಂದಿರುಗಿದರು, ಹೊರಗೆ ಮಾತ್ರ ಧರ್ಮ ಬಿಟ್ಟಿದ್ದೆವು, ಒಳಗೆ ಬಿಟ್ಟಿರಲಿಲ್ಲ ಎಂದರು, ಅವರಲ್ಲಿ ಸುಮಾರು 2,000 ಜನ ತಮ್ಮ ಬಳಿಗೇ ಬಂದರು ಎಂದು ಅವರೇ ಬರೆದಿದ್ದಾರೆ. ಮರಳಿ ಬನ್ನಿರೆಂದು ಅವರನ್ನು ಯಾರೂ ಬಲವಂತಪಡಿಸಿರಲಿಲ್ಲ. ಹುಟ್ಟಿನಿಂದ ಬಂದಿದ್ದ ಧರ್ಮವನ್ನು ಕಳೆದುಕೊಂಡು ಮತ್ತೆ ಕೇಳಿ ಪಡೆದಾಗ, ಅದು ತಂದೆ ತಾತಂದಿರದು ಮಾತ್ರವಾಗಿ ಉಳಿಯದೆ ಅವರವರ ಸ್ವಂತದ್ದಾಯಿತು. ಯೇಸುವಿನ ಶಿಷ್ಯ ಪೇತ್ರನೂ ಭಯದಿಂದ ಮೂರು ಬಾರಿ ‘ಆತನನ್ನು ಅರಿಯೆ’ ಎಂದವನೇ. ಆಮೇಲೆ ಅತ್ತು ಮರಳಿ ಬಂದವನನ್ನೇ ಸಭೆ ತನ್ನ ಅಡಿಗಲ್ಲೆಂದು ಭಾವಿಸುತ್ತದೆ.

ನಂಬಿಕೆ ಸ್ವಂತದ್ದಾಗಲು ಅದು ಅರ್ಥವಾಗುವ ಮಾತಿನಲ್ಲೂ ಇರಬೇಕು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯವರೆಗೆ ಕಥೋಲಿಕರ ಪೂಜೆ ಲ್ಯಾಟಿನ್ನಿನಲ್ಲಿತ್ತು. ಹಳ್ಳಿಯ ರೈತ ಮೊಣಕಾಲೂರಿ ಕೇಳುತ್ತಿದ್ದ, ಮಾತು ತಿಳಿಯುತ್ತಿರಲಿಲ್ಲ. ಈ ಕೊರತೆಯನ್ನು ಹಾರೋಬೆಲೆಯಲ್ಲಿ ತುಂಬಿದ್ದು ‘ಮಹಿಮೆ’ ಎಂಬ ನಾಟಕ. ಯೇಸುವಿನ ಯಾತನೆ ಮತ್ತು ಮರಣದ ಈ ಕಥೆಯನ್ನು ಊರಿನವರೇ ವೇಷ ಕಟ್ಟಿ ಕನ್ನಡದಲ್ಲಿ ಆಡುತ್ತಾರೆ. ಈ ಸಂಪ್ರದಾಯ ಶತಮಾನ ದಾಟಿದೆ. ಪಾತ್ರ ಮಾಡುವವನು ಪಾಠ ಒಪ್ಪಿಸಿದರೆ ಸಾಲದು, ಕಥೆಯ ಅಳುಕು, ದ್ರೋಹ, ಪಶ್ಚಾತ್ತಾಪಗಳನ್ನು ತನ್ನ ಬಾಯಲ್ಲೇ ನುಡಿಯಬೇಕು.

ಊರ ಬಳಿಯ ಬೆಟ್ಟವನ್ನು ಕ್ರೈಸ್ತರು ಕಪಾಲಬೆಟ್ಟವೆನ್ನುತ್ತಾರೆ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಎಂಬ ಹೆಸರಿಗೂ ಕಪಾಲವೆಂದೇ ಅರ್ಥ. 2019ರ ಕ್ರಿಸ್ಮಸ್ ದಿನ ಅಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಅದು ಮುನೇಶ್ವರ ಬೆಟ್ಟವೆಂದು ವಾದಿಸಿದವರಿಂದ 2020ರಲ್ಲಿ ಪ್ರತಿಭಟನೆಗಳು ನಡೆದವು. ಜಾಗದ ತಕರಾರು ಕಾನೂನಿನ ವಿಷಯ. ಆದರೆ ಅಂದಿನ ಚರ್ಚೆಯಲ್ಲಿ, ಈ ರೈತರು ಎಲ್ಲಿಂದಲೋ ಬಂದವರೆಂಬ ಭಾವನೆಯೂ ಅಲ್ಲಲ್ಲಿ ಇಣುಕಿತು.

ದುಬಾಯ್ ನಂಬಿಕೆಯನ್ನು ದೀಕ್ಷೆಯ ದಿನ ಅಳೆದರು. ಅಂದು ಮನುಷ್ಯನ ಮನಸ್ಸಿನಲ್ಲಿ ಹಸಿವು, ಭಯ, ಆಸೆ ಎಲ್ಲವೂ ಬೆರೆತಿರಬಹುದು. ಬಿಟ್ಟುಹೋಗಲು ದಾರಿ ತೆರೆದಿದ್ದಾಗಲೂ ಬಿಡದೆ, ತನ್ನ ಭಾಷೆಯಲ್ಲಿ ಅದನ್ನು ಮಕ್ಕಳಿಗೆ ಹೇಳುವುದೇ ಅದರ ಸರಿಯಾದ ಅಳತೆ. ಆ ಅಳತೆಗೆ ಮೂವತ್ತು ವರ್ಷ ಸಾಲದು. ಹಾರೋಬೆಲೆಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಕಾಲ ದೊರೆತಿದೆ.