ಕೆಂಪು ಶಾಯಿಯ ನಾಲ್ಕು ನಮೂದುಗಳು

ಕೋಡಿಹಳ್ಳಿಯಲ್ಲಿ ಅವರನ್ನು ಎಲ್ಲರೂ ಮಿಲಿಟ್ರಿ ತಾತ ಎಂದೇ ಕರೆಯುವುದು. ಹನ್ನೊಂದು ವರ್ಷ ಸೈನ್ಯದಲ್ಲಿದ್ದು ಬಂದವರು. ಆದರೆ ಅವರಿಗೆ ಮಿಲಿಟರಿ ಪಿಂಚಣಿಯಿಲ್ಲ, ಕ್ಯಾಂಟೀನ್ ಕಾರ್ಡಿಲ್ಲ. ಆಗಸ್ಟ್ ಹದಿನೈದರಂದು ಶಾಲೆಯ ಬಯಲಿನಲ್ಲಿ ಮಾಜಿ ಸೈನಿಕರಿಗೆಂದು ಹಾಕುವ ಕುರ್ಚಿಗಳಲ್ಲಿ ಅವರು ಕೂತದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಕರೆಯುವುದಿಲ್ಲ ಎಂದಲ್ಲ, ಅವರೇ ಬರುವುದಿಲ್ಲ. ಚಿಕ್ಕವರಿದ್ದಾಗ ನಾವು ಅದನ್ನು ಜಂಬ ಅಂದುಕೊಂಡಿದ್ದೆವು.

ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ತಾತ ಮನೆಗೆ ಬಂದರು. ಹುಳುವಿಗೆ ಸೊಪ್ಪು ಹಾಕಿ ಬಂದಿದ್ದರಿಂದ ಕೈಯೆಲ್ಲ ಹಿಪ್ಪುನೇರಳೆಯ ಹಸಿರು ವಾಸನೆ. ಪ್ಲಾಸ್ಟಿಕ್ ಕವರಿನೊಳಗಿಂದ ಒಂದು ಸವೆದ ಪುಸ್ತಕ ತೆಗೆದು ಜಗಲಿಯ ಮೇಲಿಟ್ಟರು. ಡಿಸ್ಚಾರ್ಜ್ ಬುಕ್.

"ನೀನು ಹಿಸ್ಟರಿ ಓದ್ತಿದ್ದೀಯಂತಲ್ಲ ಮಗಾ. ಹಳೇ ಕಾಗ್ದ ನೋಡೋದೇ ನಿನ್ ಕೆಲ್ಸ ಅಂತೆ. ಇದ್ನೂ ಒಂದ್ಸಲ ನೋಡು."

ನನ್ನ ಪಿಎಚ್.ಡಿ. ವಿಷಯ ಸ್ವಾತಂತ್ರ್ಯದ ಹೊತ್ತಿನಲ್ಲಿ ಜನ ಸರ್ಕಾರಕ್ಕೆ ಬರೆದ ಅರ್ಜಿಗಳು. ಎಪ್ಪತ್ತು ವರ್ಷದ ಹಿಂದೆ ಸತ್ತವರ ಅರ್ಜಿಗಳನ್ನು ಎಷ್ಟೋ ಓದಿದ್ದೇನೆ. ಎದುರಿಗೇ ಕೂತು ಕಾಫಿ ಕುಡಿಯುತ್ತಿರುವ ಮನುಷ್ಯರ ಕಾಗದ ಓದುವುದು ಅಷ್ಟು ಸುಲಭವಾಗಲಿಲ್ಲ. 1979ರಲ್ಲಿ ಭರ್ತಿ, 1990ರಲ್ಲಿ ಬಿಡುಗಡೆ. ಕಾರಣದ ಜಾಗದಲ್ಲಿ ಆರ್ಮಿ ರೂಲ್ಸ್ 1954ರ 13ನೇ ನಿಯಮದ ಉಲ್ಲೇಖ, ಪಕ್ಕದಲ್ಲಿ 'ಸೇವೆ ಇನ್ನು ಅಗತ್ಯವಿಲ್ಲ' ಎಂಬ ಅರ್ಥದ ಇಂಗ್ಲಿಷ್ ಸಾಲು. ಶಿಕ್ಷೆಗಳನ್ನು ಕೆಂಪು ಶಾಯಿಯಲ್ಲಿ ನಮೂದಿಸುವುದು ಸೈನ್ಯದ ರೂಢಿ. ಅಂಥ 'ರೆಡ್ ಇಂಕ್ ಎಂಟ್ರಿ' ನಾಲ್ಕಾದರೆ ಸಿಪಾಯಿಯನ್ನು ಅನಪೇಕ್ಷಿತ ಎಂದು ಕಳಿಸಿಬಿಡಬಹುದು ಎನ್ನುವುದು ಬಹುಕಾಲ ನಡೆದುಬಂದ ಲೆಕ್ಕ. ತಾತನಿಗೆ ನಾಲ್ಕಿದ್ದವು. ಒಂದು ಕುಡಿದಿದ್ದಕ್ಕೆ, ಒಂದು ಹವಾಲ್ದಾರನ ಜೊತೆ ಜಗಳಕ್ಕೆ, ಎರಡು ರಜೆ ಮುಗಿದರೂ ಹಿಂತಿರುಗದೆ ಉಳಿದದ್ದಕ್ಕೆ. ಜವಾನನಿಗೆ ಪಿಂಚಣಿ ಸಿಗಬೇಕಾದರೆ ಹದಿನೈದು ವರ್ಷದ ಸೇವೆ ಆಗಿರಬೇಕು. ಇವರಿಗೆ ನಾಲ್ಕು ವರ್ಷ ಕಮ್ಮಿ ಬಿತ್ತು.

"ದುಡ್ಡು ಬರದಿದ್ರೆ ಹೋಗ್ಲಿ, ಆ ಸಾಲು ತಿದ್ದುಸ್ಬೋದಾ?" ಎಂದು ಕೇಳಿದರು.

ಅಮೆರಿಕದಲ್ಲಾದರೆ ಇದಕ್ಕೆಂದೇ ಒಂದು ಫಾರಂ ಇದೆ. ಎರಡನೇ ಮಹಾಯುದ್ಧದ ಕೊನೆಕೊನೆಗೆ, 1944ರಲ್ಲಿ, ಬಿಡುಗಡೆಯ ದರ್ಜೆಯನ್ನು ಮರುಪರಿಶೀಲಿಸುವ ಮಂಡಳಿಗಳನ್ನು ಅಲ್ಲಿನ ಕಾನೂನು ರೂಪಿಸಿತು. ಅಗೌರವದ ಬಿಡುಗಡೆ ಪಡೆದವನು ಹದಿನೈದು ವರ್ಷದೊಳಗೆ ಅರ್ಜಿ ಹಾಕಿ ಅದನ್ನು ಗೌರವದ್ದಾಗಿ ಬದಲಿಸಿಕೊಡಿ ಎಂದು ಕೇಳಬಹುದು. ಹಾಗೆಂದು ಅಲ್ಲಿ ನ್ಯಾಯ ಬೇಗ ಸಿಗುತ್ತದೆ ಎಂದೇನೂ ಅಲ್ಲ. 1906ರಲ್ಲಿ ಟೆಕ್ಸಾಸಿನ ಬ್ರೌನ್ಸ್‌ವಿಲ್‌ನಲ್ಲಿ ನಡೆದ ಗುಂಡಿನ ದಾಳಿಯ ಆರೋಪದ ಮೇಲೆ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ವಿಚಾರಣೆಯೇ ಇಲ್ಲದೆ 167 ಕಪ್ಪು ಸೈನಿಕರನ್ನು ಗೌರವರಹಿತವಾಗಿ ಹೊರಹಾಕಿದ. ಆ ಆದೇಶ ತಿದ್ದುಪಡಿಯಾದದ್ದು 1972ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮಣ್ಣಾಗಿದ್ದರು.

ನಮ್ಮಲ್ಲಿ ಅಂಥ ಮಂಡಳಿಯಿಲ್ಲ. ಹಾಗಿದ್ದರೆ ಸೈನ್ಯದಿಂದ ಕೆಟ್ಟ ಹೆಸರು ಹೊತ್ತು ಹೊರಬಿದ್ದವರು ಇಲ್ಲಿ ಏನು ಮಾಡಿದರು? ಈ ಪ್ರಶ್ನೆ ಹಿಡಿದು ಹೊರಟರೆ ಕೆಂಪುಕೋಟೆಗೇ ಹೋಗಬೇಕು.

1945ರ ನವೆಂಬರಿನಲ್ಲಿ ಆಜಾದ್ ಹಿಂದ್ ಫೌಜಿನ ಶಾನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಮೇಲೆ ಕೋರ್ಟ್ ಮಾರ್ಷಲ್ ನಡೆದದ್ದು ನಮಗೆಲ್ಲ ಶಾಲೆಯ ಪಾಠದಿಂದಲೇ ಗೊತ್ತು. ತೀರ್ಪಿನಲ್ಲಿ ಮೂರು ಭಾಗಗಳಿದ್ದವು: ಜೀವಾವಧಿ ಗಡೀಪಾರು, ಮಾನ ಕಳೆದು ಸೇನೆಯಿಂದ ಹೊರದಬ್ಬುವುದು, ಬಾಕಿ ಸಂಬಳ ಭತ್ಯೆಗಳ ಮುಟ್ಟುಗೋಲು. ದೇಶವೆಲ್ಲ ಕುದಿಯುತ್ತಿದ್ದುದನ್ನು ಕಂಡು ಸೇನಾಧಿಪತಿ ಆಖಿನ್‌ಲೆಕ್ 1946ರ ಜನವರಿಯಲ್ಲಿ ಗಡೀಪಾರನ್ನು ಕೈಬಿಟ್ಟ. ಉಳಿದ ಎರಡನ್ನು ಮಾತ್ರ ಖಾಯಂ ಮಾಡಿದ. ಪಾಠದಲ್ಲಿ ನಾವು ಓದುವುದು ಬಿಡುಗಡೆಯ ಜೈಕಾರವನ್ನು. ನನಗೆ ಈಗ ಮುಖ್ಯವಾಗಿ ಕಾಣುವುದು ಆಖಿನ್‌ಲೆಕ್ ಬಿಟ್ಟುಕೊಡದೆ ಉಳಿಸಿಕೊಂಡ ಭಾಗ. ಜೀವಾವಧಿ ಶಿಕ್ಷೆಯನ್ನೇ ಮನ್ನಿಸಲು ಸಿದ್ಧವಿದ್ದ ಸೈನ್ಯ 'ವಜಾ' ಎಂಬ ಪದವನ್ನು ಮನ್ನಿಸಲಿಲ್ಲ. ಬರೀ ಒಂದು ಪದವಾಗಿದ್ದರೆ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವ ಅಗತ್ಯವಿರಲಿಲ್ಲ.

ಸಾಮಾನ್ಯ ಸಿಪಾಯಿಗಳನ್ನು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸಲಾಯಿತು. ಬಿಳಿಯವರು ಮರಳಿ ಸೇವೆಗೆ, ಕಪ್ಪಿನವರು ಸೆರೆಯಲ್ಲಿದ್ದ ಕಾಲದ ಸಂಬಳವನ್ನೂ ಕಳೆದುಕೊಂಡು ಮನೆಗೆ. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ನೆಹರೂ ಸರ್ಕಾರ ಇವರ ಮೇಲಿನ ಕಳಂಕ ತೆಗೆಯುವುದಾಗಿ ಹೇಳಿತು. ಸೇನೆಗೆ ಮಾತ್ರ ಮತ್ತೆ ಸೇರಿಸಿಕೊಳ್ಳಲಿಲ್ಲ. ನಮ್ಮ ಕೊಡಗಿನ ಕಾರ್ಯಪ್ಪನವರ ನಿಲುವೂ ಇದೇ ಆಗಿತ್ತು. 1945ರಲ್ಲಿ ಈ ಸೆರೆಯಾಳುಗಳ ಸ್ಥಿತಿ ಕಂಡು ಅವರ ಪರವಾಗಿ ಮೇಲಧಿಕಾರಿಗಳಿಗೆ ಪತ್ರ ಬರೆದವರು ಅವರೇ. 1949ರಲ್ಲಿ ಸ್ವತಂತ್ರ ಭಾರತದ ಮೊದಲ ಭಾರತೀಯ ಸೇನಾ ದಂಡನಾಯಕರಾದ ಮೇಲೆ, ಇವರನ್ನು ವಾಪಸ್ ತೆಗೆದುಕೊಳ್ಳುವುದನ್ನು ವಿರೋಧಿಸಿದವರೂ ಅವರೇ. ಫೌಜಿನ 'ಜೈ ಹಿಂದ್' ಮಾತ್ರ ಸೈನ್ಯಕ್ಕೆ ಬಂತು. ಇದನ್ನು ದ್ವಂದ್ವ ಎಂದು ತಳ್ಳಿಹಾಕುವುದು ಸುಲಭ. ಪ್ರತಿಜ್ಞೆ ಮುರಿದವನನ್ನು ಮರಳಿ ಸಾಲಿನಲ್ಲಿ ನಿಲ್ಲಿಸಿದರೆ ಮುರಿಯದೆ ನಿಂತವನಿಗೆ ಏನು ಹೇಳುವುದು ಎಂಬ ಚಿಂತೆ ಸೇನಾಧಿಕಾರಿಗೆ ನಿಜವಾದದ್ದೇ. ನಾನು ಆ ನಿಲುವನ್ನು ಒಪ್ಪುವುದಿಲ್ಲ, ಆದರೆ ಅರ್ಥವಾಗುತ್ತದೆ.

ನೌಕಾಪಡೆಯವರ ಕತೆ ಇನ್ನೂ ವಿಚಿತ್ರ. 1946ರ ಫೆಬ್ರವರಿ 18ರಂದು ಬೊಂಬಾಯಿಯ 'ತಲ್ವಾರ್' ತರಬೇತಿ ನೆಲೆಯಲ್ಲಿ ಕೆಟ್ಟ ಊಟ ಮತ್ತು ಅಧಿಕಾರಿಯ ಬೈಗುಳದ ವಿರುದ್ಧ ಶುರುವಾದ ಮುಷ್ಕರ ಕರಾಚಿಯವರೆಗೆ ಹಬ್ಬಿತು. 23ರಂದು ನಾಯಕರ ಮಾತು ನಂಬಿ ನಾವಿಕರು ಶರಣಾದರು. ಯಾರ ಮೇಲೂ ಸೇಡು ತೀರಿಸಿಕೊಳ್ಳಲು ಬಿಡುವುದಿಲ್ಲ ಎಂಬ ಭರವಸೆ ಸಿಕ್ಕಿತ್ತು. ಆಮೇಲೆ ನೂರಾರು ಜನರನ್ನು ಮನೆಗೆ ಕಳಿಸಲಾಯಿತು. ಸ್ವತಂತ್ರ ದೇಶದ ನೌಕಾಪಡೆಯೂ ಅವರನ್ನು ಕರೆಯಲಿಲ್ಲ. ಮುಷ್ಕರದ ಮುಂಚೂಣಿಯಲ್ಲಿದ್ದ ಬಿ.ಸಿ. ದತ್ ಪತ್ರಿಕೆಯ ಕೆಲಸ ಹಿಡಿದು, ಕಾಲು ಶತಮಾನದ ಬಳಿಕ ತಮ್ಮ ಕತೆಯನ್ನು ಪುಸ್ತಕವಾಗಿ ಬರೆದರು. ಮುಂದೆ ಅದೇ ನೌಕಾಪಡೆ ತನ್ನ ಎರಡು ಟಗ್ ಹಡಗುಗಳಿಗೆ ಬಿ.ಸಿ. ದತ್ ಮತ್ತು ಮದನ್ ಸಿಂಗ್ ಎಂದು ಹೆಸರಿಟ್ಟಿತು. ಮನುಷ್ಯನನ್ನು ವಾಪಸ್ ತೆಗೆದುಕೊಳ್ಳಲಾಗದ ಇಲಾಖೆಗೆ ಅವನ ಹೆಸರನ್ನು ತೆಗೆದುಕೊಳ್ಳುವುದು ಸಾಧ್ಯವಾಯಿತು.

ಇವರೆಲ್ಲರ ನೆರವಿಗೆ ಬಂದದ್ದು ರಕ್ಷಣಾ ಇಲಾಖೆಯಲ್ಲ, ಗೃಹ ಇಲಾಖೆ. 1972ರ ಆಗಸ್ಟ್ 15ರಂದು ಶುರುವಾದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ 1980ರಲ್ಲಿ 'ಸಮ್ಮಾನ' ಎಂಬ ಪದ ಸೇರಿಸಿಕೊಂಡು ಹಿಗ್ಗಿತು. ಫೌಜಿನವರೂ ನೌಕಾ ಬಂಡಾಯದವರೂ ಅದರ ವ್ಯಾಪ್ತಿಗೆ ಬಂದರು. ಅಂದರೆ ಒಂದು ಕಚೇರಿಯ ಕಡತದಲ್ಲಿ ಸೇವೆಯಿಂದ ಹೊರದಬ್ಬಿಸಿಕೊಂಡವನು, ಇನ್ನೊಂದು ಕಚೇರಿಯ ಕಡತದಲ್ಲಿ ದೇಶಭಕ್ತ. ತಿದ್ದುಪಡಿಯ ಬದಲು ನಮ್ಮ ಗಣರಾಜ್ಯ ಹೊಸ ಕಡತವನ್ನೇ ತೆರೆಯಿತು.

ಇದನ್ನೆಲ್ಲ ತಾತನಿಗೆ ಹೇಳಿದೆ. ಸಾವಧಾನವಾಗಿ ಕೇಳಿದರು. ಆಮೇಲೆ, "ಅವ್ರು ದೇಶಕ್ಕೋಸ್ಕರ ತಪ್ಪು ಮಾಡಿದ್ರು. ನಾನು ಹೆಂಡ್ತಿ ಬಾಣಂತನಕ್ಕೆ ಮಾಡ್ದೆ" ಎಂದರು.

ನನ್ನ ಓದಿನಲ್ಲಿದ್ದ ತೂತು ಆಗ ಕಾಣಿಸಿತು. ಬಂಡಾಯ ಎದ್ದವನಿಗೆ ಇತಿಹಾಸಕಾರರು ಸಿಗುತ್ತಾರೆ, ಸ್ಮಾರಕವೂ ಸಿಗಬಹುದು. ರಜೆ ಮೀರಿ ಮನೆಯಲ್ಲಿ ಉಳಿದವನು ಯಾವ ಚರಿತ್ರೆಯ ಅಧ್ಯಾಯದಲ್ಲೂ ಬರುವುದಿಲ್ಲ. ಆರ್ಮಿ ಆಕ್ಟ್ 1950ರ 39ನೇ ಕಲಮಿನಲ್ಲಿ ಮಾತ್ರ ಬರುತ್ತಾನೆ. 'ಸಾಕಷ್ಟು ಕಾರಣವಿಲ್ಲದೆ' ರಜೆ ಮೀರುವುದು ಅಪರಾಧ ಎನ್ನುತ್ತದೆ ಆ ಕಲಮು. ಸಾಕಷ್ಟು ಎಂಬುದನ್ನು ಅಳೆಯುವವರು ಯಾರು? ಗಡಿಯ ಠಾಣೆಯಲ್ಲಿ ಕೂತವರಿಗೆ ಕೋಡಿಹಳ್ಳಿಯಿಂದ ಕನಕಪುರದ ಆಸ್ಪತ್ರೆಗೆ ಗಾಡಿ ಸಿಗದ ರಾತ್ರಿ ಕಾಣುವುದು ಹೇಗೆ?

ಇಂಥವರ ಚರಿತ್ರೆ ಇರುವುದು ನ್ಯಾಯಾಲಯಗಳಲ್ಲಿ. 2015ರ ಅಕ್ಟೋಬರಿನಲ್ಲಿ ವೀರೇಂದ್ರ ಕುಮಾರ್ ದುಬೆ ಎಂಬ ಸಿಪಾಯಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಾಲ್ಕು ಕೆಂಪು ನಮೂದುಗಳಿವೆ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಮನೆಗೆ ಕಳಿಸುವಂತಿಲ್ಲ. ಸೇನಾ ಪ್ರಧಾನ ಕಚೇರಿಯೇ 1988ರ ಡಿಸೆಂಬರ್ 28ರಂದು ಹೊರಡಿಸಿದ ಸೂಚನೆಯಂತೆ ಮೊದಲು ವಿಚಾರಣೆಯಾಗಬೇಕು. ತಪ್ಪುಗಳ ಸ್ವರೂಪ, ಎಷ್ಟು ವರ್ಷ ದುಡಿದಿದ್ದಾನೆ, ಎಂಥ ಕಠಿಣ ಜಾಗದಲ್ಲಿದ್ದ ಎಂಬುದನ್ನೂ ನೋಡಬೇಕು. ಅದಾಗದ್ದರಿಂದ ದುಬೆ ಪಿಂಚಣಿಗೆ ಬೇಕಾದ ಅವಧಿಯವರೆಗೂ ಸೇವೆಯಲ್ಲಿದ್ದರೆಂದೇ ಭಾವಿಸಬೇಕೆಂದು ಕೋರ್ಟ್ ಹೇಳಿತು. ಹಿಂಬಾಕಿ ಸಂಬಳ ಕೊಡಲಿಲ್ಲ.

ತಾತನನ್ನು ಕಳಿಸಿದ್ದು ಆ ಸೂಚನೆ ಬಂದ ಎರಡು ವರ್ಷದ ಮೇಲೆ. ವಿಚಾರಣೆ ಆಗಿತ್ತೇ ಎಂದು ಕೇಳಿದೆ. "ಎಂಥ ವಿಚಾರ್ಣೆ? ಒಂದ್ ಕಾಗ್ದಕ್ಕೆ ಸೈನ್ ಹಾಕಿಸ್ಕಂಡ್ರು, ರೈಲ್ವೆ ವಾರೆಂಟ್ ಕೊಟ್ರು."

ಸೈನಿಕರ ವ್ಯಾಜ್ಯಗಳಿಗೆಂದು 2007ರ ಕಾಯ್ದೆಯಡಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತದೆ. ಅಂತಿಮ ಆದೇಶವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ಕೊಟ್ಟು ಮನ್ನಿಸುವಂತೆ ಬೇಡಿಕೊಳ್ಳಬೇಕು. ಮೂವತ್ತು ವರ್ಷ ದಾಟಿದ ತಡಕ್ಕೆ ಏನು ಕಾರಣ ಕೊಡುವುದು ಎಂದು ವಕೀಲ ಗೆಳೆಯನೊಬ್ಬ ಫೋನಿನಲ್ಲಿ ನಕ್ಕ. ಮೊದಲು ದಾಖಲೆ ಕಚೇರಿಗೆ ಒಂದು ಅರ್ಜಿ ಹೋಗಲಿ, ಉತ್ತರ ಬಂದ ಮೇಲೆ ನೋಡೋಣ ಎಂದ.

ಎರಡು ದಿನ ಕೂತು ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಓದಿದ್ದನ್ನೆಲ್ಲ ತುರುಕಿದ್ದೆ. ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. 'ಅರ್ಜಿದಾರರು ನಿರಪರಾಧಿ' ಎಂಬಲ್ಲಿಗೆ ಬಂದಾಗ ತಾತ ಕೈ ಅಡ್ಡ ಹಿಡಿದರು.

"ಹಂಗ್ ಬರೀಬ್ಯಾಡ. ಮೊದ್ಲು ಮೂರು ನಂದೇ ತಪ್ಪು. ನಾಕ್ನೇದಕ್ಕೆ ಟೆಲಿಗ್ರಾಮ್ ಕೊಟ್ಟಿದ್ದೆ. ಅಷ್ಟು ಬರಿ."

ಹಾಗೆಯೇ ತಿದ್ದಿದೆ. ಅರ್ಜಿ ಮೂರು ಪುಟದಿಂದ ಒಂದೂವರೆ ಪುಟಕ್ಕೆ ಇಳಿಯಿತು. ಮಾರನೇ ದಿನ ಬೆಳಗ್ಗೆ ಕನಕಪುರದ ಬಸ್ಸು ಹತ್ತಿ ಇಬ್ಬರೂ ಹೋಗಿ ರಿಜಿಸ್ಟರ್ ಮಾಡಿಸಿ ಬಂದೆವು. ರಸೀದಿಯನ್ನು ತಾತ ಡಿಸ್ಚಾರ್ಜ್ ಬುಕ್ಕಿನೊಳಗೆ, ಆ ಸಾಲಿರುವ ಪುಟದಲ್ಲೇ ಇಟ್ಟುಕೊಂಡರು.