ಎಲೆಸಾರದ ಶಿಲೀಂಧ್ರನಿರೋಧಕ ಪರೀಕ್ಷೆ

ಗಿಡಮರಗಳ ಎಲೆಯ ಸಾರ ಶಿಲೀಂಧ್ರದ ಬೆಳವಣಿಗೆಯನ್ನು ಎಷ್ಟರಮಟ್ಟಿಗೆ ತಡೆಯುತ್ತದೆ ಎಂದು ಅಳೆಯುವ ಪ್ರಯೋಗಾಲಯ ಪರೀಕ್ಷೆ. ಮೈಸೂರು ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಜೋಳ, ಮೆಕ್ಕೆಜೋಳ, ಭತ್ತದ ಬೀಜಗಳಿಂದ ಬೇರ್ಪಡಿಸಿದ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಎಂಟು ಪ್ರಭೇದಗಳ ಮೇಲೆ 52 ಸಸ್ಯಗಳ ನೀರುಸಾರವನ್ನು ಅವರು ಪರೀಕ್ಷಿಸಿದರು. ಕರಿಜಾಲಿ, ಬಳ್ಳಾರಿ ಜಾಲಿ, ದಾಳಿಂಬೆ, ನೇರಳೆ, ಗೋರಂಟಿ ಮುಂತಾದವು ಗಮನಾರ್ಹ ಫಲ ಕೊಟ್ಟವು. ಪರೀಕ್ಷಿಸಿದ ಬೂಷ್ಟುಗಳಲ್ಲೊಂದಾದ ಆಸ್ಪರ್ಜಿಲಸ್ ಫ್ಲೇವಸ್, ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ಅಫ್ಲಟಾಕ್ಸಿನ್ ವಿಷವನ್ನು ಕಾಳಿನೊಳಗೆ ಉಂಟುಮಾಡಬಲ್ಲದು.

ವಿಧಾನ ಸರಳ. ತೊಳೆದ ಎಲೆಯನ್ನು ಅರೆದು, ತೆಳುಬಟ್ಟೆಯಲ್ಲಿ ಸೋಸಿ, ಸಾರವನ್ನು ಕರಗಿದ ಅಗರ್‌ಗೆ ಬೆರೆಸಿ ಪೆಟ್ರಿ ತಟ್ಟೆಗೆ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ನಡುವೆ 5 ಮಿ.ಮೀ. ಅಗಲದ ಶಿಲೀಂಧ್ರದ ಬಿಲ್ಲೆಯಿಟ್ಟು, ಸುಮಾರು ಏಳು ದಿನ ಕಾದು, ಹರಡಿದ ವ್ಯಾಸ ಅಳೆಯುತ್ತಾರೆ. ಸಾರವಿಲ್ಲದ ತಟ್ಟೆಯಲ್ಲಿ 80 ಮಿ.ಮೀ., ಸಾರವಿರುವಲ್ಲಿ 20 ಮಿ.ಮೀ. ಬೆಳೆದಿದ್ದರೆ ತಡೆ ಶೇ. 75. ಸಾರ ತೆಗೆಯಲು ನೀರಿನ ಬದಲು ಮದ್ಯಸಾರದಂಥ ದ್ರಾವಕ ಬಳಸಿದಾಗ ಬರೀ ದ್ರಾವಕದ ತಟ್ಟೆಯೂ ಜೊತೆಗಿರಲೇಬೇಕು. ಇಲ್ಲವಾದರೆ ಶಿಲೀಂಧ್ರವನ್ನು ತಡೆದದ್ದು ಎಲೆಯೋ ದ್ರಾವಕವೋ ತಿಳಿಯದು. ಬಿಸಿಲು, ಮಳೆಗೆ ಸಾರ ಬೇಗ ಕೆಡುವುದರಿಂದ ತಟ್ಟೆಯ ಫಲಿತಾಂಶವನ್ನು ಹೊಲದಲ್ಲೂ ಪರೀಕ್ಷಿಸಬೇಕಾಗುತ್ತದೆ.