ಫೋಟೊ ಸಂಘದಿಂದ ಹೊರಬಿದ್ದ ಖಜಾಂಚಿ

ಜಾತ್ರೆಯ ತೇರು, ಕೋಡಿ ಬಿದ್ದ ಕೆರೆ, ರಾಗಿ ತೆನೆ ಮೇಲೆ ಕೂತ ಗುಬ್ಬಿ. ಇವತ್ತು ಎಲ್ಲವೂ ಫೋಟೊ ಆಗಿ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬರುತ್ತವೆ. "ಸೂಪರ್" ಅನ್ನುವವರೂ ಇರುತ್ತಾರೆ, "ಇನ್ನೊಂಚೂರು ಹತ್ತಿರ ಹೋಗಿ ತೆಗೀಬೇಕಿತ್ತು" ಅನ್ನುವವರೂ ಇರುತ್ತಾರೆ. ಹೊಟ್ಟೆಪಾಡಿಗಲ್ಲದೆ ಖುಷಿಗಾಗಿ ಫೋಟೊ ತೆಗೆಯುವವರು ಹೀಗೆ ಒಟ್ಟು ಸೇರಿ ಮಾತಾಡುವುದು ನಮ್ಮ ದೇಶದಲ್ಲಿ ಶುರುವಾಗಿ 170 ವರ್ಷ ದಾಟಿದೆ.

ಮುಂಬೈಯಲ್ಲಿ 1854ರಲ್ಲಿ ಫೋಟೊ ಸಂಘ ಹುಟ್ಟಿತು. 1856ರಲ್ಲಿ ಕಲ್ಕತ್ತ ಮತ್ತು ಮದ್ರಾಸಿನಲ್ಲೂ ಶುರುವಾದವು. ಸದಸ್ಯರಲ್ಲಿ ಹೆಚ್ಚಿನವರು ಬ್ರಿಟಿಷ್ ಸೇನಾಧಿಕಾರಿಗಳು, ಡಾಕ್ಟರುಗಳು, ಸರ್ಕಾರಿ ಅಧಿಕಾರಿಗಳು. ಸಭೆಗೆ ತಮ್ಮ ಚಿತ್ರ ತಂದು ತೋರಿಸುತ್ತಿದ್ದರು. ನಮ್ಮ ಸೆಕೆಯಲ್ಲಿ ರಾಸಾಯನಿಕ ಕೆಡದಂತೆ ಏನು ಮಾಡಬೇಕು ಎಂಬುದೇ ದೊಡ್ಡ ಚರ್ಚೆ. ಭಾರತೀಯರೂ ಇದ್ದರು. ಮುಂಬೈ ಸಂಘದಲ್ಲಿ ವೈದ್ಯ ನಾರಾಯಣ ದಾಜಿ ಇದ್ದರು.

ಈ ಕತೆಯಲ್ಲಿ ನಮ್ಮ ಹಾಸನ ಜಿಲ್ಲೆಯೂ ಬರುತ್ತದೆ. ಬೆಂಗಳೂರಿನ ದಂಡಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿಗೆ ಫೋಟೊ ಹವ್ಯಾಸ. 1854ರ ಕೊನೆಯಲ್ಲಿ ಅವರು ಹಳೇಬೀಡು, ಬೇಲೂರಿನ ಕಡೆ ಹೊರಟರು. ಆಗ ಅವರು ಬಳಸುತ್ತಿದ್ದದ್ದು ರೀಲಲ್ಲ, ರಾಸಾಯನಿಕ ಸವರಿದ ಕಾಗದ. ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಕಲ್ಲಿನ ದೇವರು ಅಲುಗದೆ ನಿಲ್ಲುತ್ತದೆ, ಎದುರು ಓಡಾಡಿದ ಜನ ಅಳಿಸಿಹೋಗುತ್ತಾರೆ. 1855ರ ಮದ್ರಾಸ್ ಪ್ರದರ್ಶನದಲ್ಲಿ ಟ್ರೈಪ್ 68 ಚಿತ್ರ ಇಟ್ಟರು. ತೀರ್ಪುಗಾರರು ಬಹಳ ಮೆಚ್ಚಿದರು. ಮರುವರ್ಷವೇ ಅವರು ಮದ್ರಾಸ್ ಸರ್ಕಾರದ ಫೋಟೊಗ್ರಾಫರ್ ಆದರು.

ಕಲ್ಕತ್ತದಲ್ಲಿ ನಡೆದದ್ದು ಬೇರೆ. ಅಲ್ಲಿನ ಸಂಘದ ಖಜಾಂಚಿ ಬಂಗಾಳದ ದೊಡ್ಡ ವಿದ್ವಾಂಸ ರಾಜೇಂದ್ರಲಾಲ್ ಮಿತ್ರ. ಆಗ ಹಳ್ಳಿಗಾಡಿನಲ್ಲಿ ಯುರೋಪಿನವನೊಬ್ಬ ಅಪರಾಧ ಮಾಡಿದರೆ ಅಲ್ಲಿನ ಕ್ರಿಮಿನಲ್ ಕೋರ್ಟು ಅವನನ್ನು ವಿಚಾರಣೆ ಮಾಡುವಂತಿರಲಿಲ್ಲ. ದೂರದ ಕಲ್ಕತ್ತದ ಸುಪ್ರೀಂ ಕೋರ್ಟಿಗೇ ಹೋಗಬೇಕು. ನೀಲಿ ಬೆಳೆಸುವ ಬಡರೈತ ಅಲ್ಲಿಗೆ ಹೋಗುವುದೆಲ್ಲಿ ಬಂತು? ಇದನ್ನು ಬದಲಿಸುವ ಮಸೂದೆ ಬಂದಾಗ ಯುರೋಪಿಯನ್ನರು ಅದನ್ನು "ಕರಾಳ ಕಾಯ್ದೆ" ಎಂದು ಕೂಗಾಡಿದರು. 1857ರ ಏಪ್ರಿಲ್‌ನಲ್ಲಿ ಕಲ್ಕತ್ತದ ಟೌನ್ ಹಾಲಿನಲ್ಲಿ ಮಿತ್ರ ಮಸೂದೆಯ ಪರ ಮಾತಾಡಿದರು. ರೈತರನ್ನು ಹಿಂಡುತ್ತಿದ್ದ ನೀಲಿ ತೋಟದ ಸಾಹೇಬರನ್ನು ಖಂಡಿಸಿದರು.

ಆ ಭಾಷಣದಲ್ಲಿ ಫೋಟೊ ವಿಷಯವೇ ಇರಲಿಲ್ಲ. ಆದರೂ ಫೋಟೊ ಸಂಘದ ಯುರೋಪಿಯನ್ ಸದಸ್ಯರು ಕೆರಳಿದರು. ಮಿತ್ರರನ್ನು ಸಂಘದಿಂದ ಹೊರಹಾಕಲಾಯಿತು. ಅವರ ಜೊತೆ ನಿಂತ ಬೇರೆ ಭಾರತೀಯ ಸದಸ್ಯರೂ ಸಂಘ ಬಿಟ್ಟರು.

ಚಿತ್ರದ ಬೆಳಕು, ನೆರಳು, ಕೋನದ ಬಗ್ಗೆ ಮಾತಾಡುವವರೆಗೆ ಎಲ್ಲರೂ ಹವ್ಯಾಸಿಗಳೇ. ರೈತನ ಪರ ಒಂದು ಮಾತು ಬಂದ ಕೂಡಲೇ ಯಾರು ಆಳುವವರು, ಯಾರು ಆಳಿಸಿಕೊಳ್ಳುವವರು ಎಂಬುದು ಗೊತ್ತಾಯಿತು. ನಮ್ಮ ಹವ್ಯಾಸಿ ಛಾಯಾಗ್ರಹಣದ ಇತಿಹಾಸ ಬರೆಯುವಾಗ ಟ್ರೈಪ್ ಅವರ ಹಳೇಬೀಡಿನ ಚಿತ್ರಗಳನ್ನು ನೆನೆಯುತ್ತೇವೆ, ನೆನೆಯಬೇಕು. ಜೊತೆಗೆ ಈ ಖಜಾಂಚಿಯ ಹೆಸರೂ ಇರಬೇಕು ಅನ್ನುವುದು ನಮ್ಮ ಮಾತು.

ಮಿತ್ರ ಅಲ್ಲಿಗೇ ನಿಲ್ಲಲಿಲ್ಲ. ಒಡಿಶಾದ ದೇವಾಲಯಗಳ ಬಗ್ಗೆ ಎರಡು ಸಂಪುಟ ಬರೆದರು. 1885ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಗೆ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ.